ಜಾಡಿಲ್ಲದ ಹಾರಾಟಗಳು

ಫಾರ್ಮಿನ ಮೂರನೆಯ ಪುಟದಲ್ಲಿ ಒಂದು ಕಾಲಂ ಇತ್ತು: ಪ್ರಸ್ತಾವಿತ ಏರ್‌ಸ್ಟ್ರಿಪ್‌ನಿಂದ ಲಾಭವನ್ನಾಗಲಿ ನಷ್ಟವನ್ನಾಗಲಿ ಹೊಂದುವ ಯಾರೊಡನೆಯಾದರೂ ಪರಿಶೀಲಕರಿಗೆ ಸಂಬಂಧವಿದೆಯೇ? ಅವಳು ‘ಇಲ್ಲ’ ಎಂದು ಬರೆದಳು. ಹನ್ನೆರಡು ವರ್ಷಗಳ ಹಿಂದೆ, ಅಪ್ಪನ ಸಾವಿನ ವಿಚಾರಣೆ ಮುಗಿಸಿ ಬಂದ ಮಧ್ಯಾಹ್ನ, ಬಾಗಿಲಿಗೆ ಅಡ್ಡ ನಿಂತು ಅಕ್ಕನೇ ಹೇಳಿದ್ದಳಲ್ಲ, ಇವತ್ತಿಗೆ ನಿನಗೆ ನಾನಿಲ್ಲ ನನಗೆ ನೀನಿಲ್ಲ ಎಂದು. ಅಕ್ಕನ ಮಾತನ್ನು ಜೀವಮಾನದಲ್ಲಿ ಒಮ್ಮೆಯಾದರೂ ಚಾಚೂ ತಪ್ಪದೆ ಪಾಲಿಸಿದಂತಾಯಿತು.

ಆದರೆ ಮನಸ್ಸು ಅಷ್ಟಕ್ಕೇ ಸುಮ್ಮನಿರುವಂಥದ್ದಲ್ಲ. ತಾನು ಸುಳ್ಳು ಬರೆದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾಕೆ ಬರೆದೆ ಎಂಬುದಕ್ಕೆ ಎರಡು ಕಾರಣಗಳನ್ನು ಇಟ್ಟುಕೊಂಡಿದ್ದಳು. ಒಂದು, ಯಾರ ಮುಂದೆಯೂ ಹೇಳಬಹುದಾದದ್ದು: ‘ಇದೆ’ ಎಂದು ಬರೆದಿದ್ದರೆ ಕೆಲಸ ನಕಾಶೆಯ ಪಾಲಾಗುತ್ತಿತ್ತು. ಪಕ್ಕದ ಮೇಜಿನ ಪರಿಶೀಲಕನಿಗೆ ವಿಮಾನಯಾನ ಇಲಾಖೆಯವರು ಇಟ್ಟ ಹೆಸರು ಅದು. ಅವನು ಯಾವ ಜಾಗಕ್ಕೂ ಕಾಲಿಡದೆ ಪರದೆಯ ಮೇಲಿನ ನಕಾಶೆ ನೋಡಿಯೇ ಆಕಾಶದ ಜಾತಕ ಬರೆದುಬಿಡುತ್ತಿದ್ದ. ಅವನ ಕೈಗೆ ಸಿಕ್ಕರೆ ಆ ಗುಡ್ಡದ ಕಥೆ ಮುಗಿದಂತೆ. ಇನ್ನೊಂದು ಕಾರಣವನ್ನು ಅವಳು ತನಗೂ ಪೂರ್ತಿ ಹೇಳಿಕೊಂಡಿರಲಿಲ್ಲ. ಅಕ್ಕ ತನ್ನ ಮುಂದೆ ಬಂದು ನಿಲ್ಲಬೇಕಾಗುತ್ತದೆ. ಬಾಯಿ ಬಿಟ್ಟು ಮಾತಾಡಬೇಕಾಗುತ್ತದೆ.

ಕೆಲಸವೇನೋ ಸರಳವಾದದ್ದೇ. ಹಣ್ಣು ಹೂವುಗಳನ್ನು ಹೊರಗೆ ಕಳಿಸುವ ಒಂದು ಕಂಪನಿ ಊರಾಚೆಯ ಬಯಲಿನಲ್ಲಿ ಸಣ್ಣ ಸರಕು ವಿಮಾನಗಳಿಗೆಂದು ಏರ್‌ಸ್ಟ್ರಿಪ್ ಕೇಳಿತ್ತು. ಅಲ್ಲಿಂದ ಐದು ಕಿಲೋಮೀಟರ್ ದೂರದಲ್ಲಿ ಒಂದು ಗುಡ್ಡ. ಗುಡ್ಡದ ಚಪ್ಪಟೆ ನೆತ್ತಿಯ ಮೇಲೆ ಗ್ಲೈಡರ್ ಕ್ಲಬ್ಬು. ಎಂಜಿನ್ನೇ ಇಲ್ಲದ ಗ್ಲೈಡರನ್ನು ಗಾಳಿಪಟದ ಹಾಗೆ ಉಕ್ಕಿನ ಕೇಬಲ್ಲಿಗೆ ಕಟ್ಟುತ್ತಾರೆ. ಮೈದಾನದ ಆ ತುದಿಯಲ್ಲಿರುವ ವಿಂಚ್ ಎಂಬ ಯಂತ್ರ ಕೇಬಲ್ಲನ್ನು ರಭಸದಿಂದ ಸುತ್ತಿಕೊಳ್ಳುತ್ತದೆ. ಗ್ಲೈಡರ್ ನಾನೂರು ಮೀಟರ್ ಮೇಲೇರಿ ಕೇಬಲ್ ಕಳಚಿಕೊಳ್ಳುತ್ತದೆ. ಏರುಗಾಳಿ ಸಿಕ್ಕರೆ ಗಂಟೆಗಟ್ಟಲೆ ಇರುತ್ತದೆ, ಸಿಗದಿದ್ದರೆ ಸುತ್ತು ಹಾಕುತ್ತಾ ಆರು ನಿಮಿಷಕ್ಕೆ ಇಳಿದುಬಿಡುತ್ತದೆ. ಬಯಲಿಗೆ ಇಳಿಯಲು ಬರುವ ಸರಕು ವಿಮಾನ ಇದೇ ಗುಡ್ಡದ ನೆತ್ತಿಯ ಮೇಲೆ ಇನ್ನೂರೈವತ್ತು ಮೀಟರ್ ಎತ್ತರದಲ್ಲಿ ಹಾಯುತ್ತದೆ. ಅದೇ ಹೊತ್ತಿಗೆ ಅದೇ ಎತ್ತರದಲ್ಲಿ ಗ್ಲೈಡರ್‌ಗಳು ಎಷ್ಟಿರುತ್ತವೆ? ಪ್ರಶ್ನೆ ಇಷ್ಟೇ. ಹೆಚ್ಚಿದ್ದರೆ ಏರ್‌ಸ್ಟ್ರಿಪ್ ಇಲ್ಲ. ಕಡಿಮೆಯಿದ್ದರೆ ಹಾರಾಟಕ್ಕೆ ಗುಡ್ಡವೇ ಇಲ್ಲ.

ಆ ಕ್ಲಬ್ಬನ್ನು ಕಟ್ಟಿದವನು ಅವರಪ್ಪ. ಈಗ ನಡೆಸುತ್ತಿರುವವಳು ಅಕ್ಕ.

ಮೊದಲ ದಿನ ಅವಳು ದುರ್ಬೀನು, ಕೋನ ಅಳೆಯುವ ಯಂತ್ರ, ನೋಟ್‌ಬುಕ್ಕು ಹೊತ್ತು ಗುಡ್ಡ ಹತ್ತಿದಾಗ ಅಕ್ಕ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಮೈದಾನದ ನಡುವೆ ನಿಂತಿದ್ದಳು. ಐವತ್ತೆರಡಾದರೂ ಬೆನ್ನು ಬಾಗಿರಲಿಲ್ಲ. ತಂಗಿಯನ್ನು ನೋಡಿದಳು. ನೋಡಿ, ಸುತ್ತ ನೆರೆದ ಕಲಿಯುವವರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದಳು: “ಇಲಾಖೆ ಮೇಡಂ ಬಂದಿದ್ದಾರೆ, ಕುರ್ಚಿ ಕೊಡ್ರಪ್ಪಾ. ಕಾಲು ಅಲ್ಲಾಡೋದು ಬೇಡ, ಗಟ್ಟಿ ಇರೋದು ಕೊಡಿ. ಬಿದ್ದರೆ ಅದಕ್ಕೂ ಒಂದು ವರದಿ ಬರೀತಾರೆ.”

ಎಲ್ಲರೂ ನಕ್ಕರು. ಅವಳೂ ನಗಬೇಕಾಯಿತು.

“ನೆರಳಲ್ಲಿ ಹಾಕಿಕೊಡ್ಲಾ ಮೇಡಂ? ನಿಮಗೆ ಬಿಸಿಲು ಆಗಲ್ಲ ಅಂತ ಕೇಳಿದೀನಿ.”

“ಪರವಾಗಿಲ್ಲ. ಆಕಾಶ ಕಾಣೋ ಕಡೆ ಇರಲಿ.”

“ಓ, ಆಕಾಶ ಬೇರೆ ನೋಡ್ತೀರಾ? ನಾನೆಲ್ಲೋ ಬರೀ ಕಣ್ಣು ನೋಡೋರು ಅಂದ್ಕೊಂಡಿದ್ದೆ.”

ಆ ಮಾತು ಹೋಗಿ ಎಲ್ಲಿ ತಗಲಬೇಕೋ ಅಲ್ಲೇ ತಗಲಿತು. ಅಪ್ಪನ ಬಲಗಣ್ಣಿಗೆ ಪೊರೆ ಬಂದಿತ್ತು. ವೈದ್ಯರ ತಪಾಸಣೆಯ ಅಕ್ಷರದ ಹಲಗೆಯನ್ನು ಬಾಯಿಪಾಠ ಮಾಡಿ ಅವನು ಮೂರು ವರ್ಷ ಲೈಸೆನ್ಸು ಉಳಿಸಿಕೊಂಡಿದ್ದ. ಒಂದು ದಿನ ಬಲಗಡೆಯಿಂದ ಬಂದ ಇನ್ನೊಂದು ಗ್ಲೈಡರ್ ಅವನಿಗೆ ಕಾಣಲಿಲ್ಲ. ಇನ್ನೊಬ್ಬ ಬದುಕಿದ, ಅಪ್ಪ ಹೋದ. ವಿಚಾರಣೆಯಲ್ಲಿ, ನಿಮ್ಮ ತಂದೆಯ ದೃಷ್ಟಿ ಹೇಗಿತ್ತು ಎಂದು ಕೇಳಿದಾಗ ಅಕ್ಕ ‘ಹದ್ದಿನ ಹಾಗಿತ್ತು’ ಎಂದಳು. ದಿನವೂ ಅಪ್ಪನ ಕಣ್ಣಿಗೆ ಔಷಧಿ ಹನಿ ಹಾಕುತ್ತಿದ್ದ ತಂಗಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಮರುದಿನದ ಪತ್ರಿಕೆಯಲ್ಲಿ ಅಪ್ಪ ಸುಳ್ಳುಗಾರನಾಗಿದ್ದ. ಎರಡು ವರ್ಷ ಕ್ಲಬ್ಬಿಗೆ ಬೀಗ ಬಿತ್ತು.

ಹನ್ನೊಂದು ದಿನ ಅವಳು ಆ ಗಟ್ಟಿ ಕುರ್ಚಿಯಲ್ಲಿ ಕೂತಳು. ಹಾರಾಟ ಶುರುವಾದಾಗ ಒಂದು ಗೀಟು, ಇನ್ನೂರೈವತ್ತು ಮೀಟರ್ ದಾಟುವಾಗ ಒಂದು ಗೀಟು. ಅಕ್ಕ ಒಂದು ದಿನವೂ ‘ನೀನು’ ಎನ್ನಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಶೆಡ್ಡಿನೊಳಗೆ ಕೂತು ಡಬ್ಬಿ ಬಿಚ್ಚಿದರೆ, “ಮೇಡಂ ನಮ್ಮ ಜೊತೆ ಕೂರೋ ಹಾಗಿಲ್ಲ, ಲಂಚ ಅಂತಾಗುತ್ತೆ” ಎಂದು ಬಾಗಿಲು ಅರ್ಧ ಮುಚ್ಚುತ್ತಿದ್ದಳು. ಅವಳು ಬಿಸಿಲಿನಲ್ಲಿ ಒಬ್ಬಳೇ ಬ್ರೆಡ್ಡು ತಿನ್ನುತ್ತಿದ್ದಳು. ಚಿಕ್ಕಂದಿನಲ್ಲಿ ಇದೇ ಮೈದಾನದಲ್ಲಿ ಗ್ಲೈಡರ್‌ನ ರೆಕ್ಕೆಯ ತುದಿ ಹಿಡಿದುಕೊಂಡು ಜೊತೆಗೆ ಓಡುವ ಕೆಲಸ ಅವಳದಾಗಿತ್ತು. ಹಾರುವ ಕೆಲಸ ಅಕ್ಕನದು. ಒಮ್ಮೆ ತಾನೂ ಹಾರುತ್ತೇನೆಂದು ಅತ್ತಾಗ, “ನೆಲದಲ್ಲಿ ಓಡೋರೂ ಬೇಕಲ್ಲ ಕಣೇ” ಎಂದು ಅಕ್ಕ ನಕ್ಕಿದ್ದಳು. ಅಪ್ಪನೂ ನಕ್ಕಿದ್ದ.

ವಿಂಚ್ ನಡೆಸುವ ಮುದುಕ ಅಪ್ಪನ ಕಾಲದವನು. ಇಬ್ಬರೂ ಅವನನ್ನು ಮಾವ ಎಂದೇ ಕರೆಯುತ್ತಿದ್ದರು. ಒಂಬತ್ತನೆಯ ದಿನ ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಅವಳ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

“ಪುಟ್ಟೀ, ಏನು ಬರೀತಿದ್ದೀಯೋ ನಾನು ಕೇಳಲ್ಲ. ಕೇಳಿದರೂ ನನಗೆ ಅರ್ಥ ಆಗಲ್ಲ. ಆದರೆ ನಿಮ್ಮಕ್ಕ ನಿದ್ದೆ ಮಾಡಿ ತಿಂಗಳಾಯ್ತು. ಈ ಗುಡ್ಡ ಹೋದರೆ ಅವಳಿಗೆ ಇನ್ನೇನಿದೆ? ಗಂಡನಾ, ಮಕ್ಕಳಾ?”

“ಅವಳು ಬಂದು ಕೇಳಲಿ ಮಾವ, ಹೇಳ್ತೀನಿ.”

“ಅವಳು ಕೇಳೋ ಪೈಕಿನಾ?”

“ಹಾಗಾದರೆ ನಾನು ಹೇಳೋ ಪೈಕಿನಾ?”

ಮಾವ ಮೊಣಕಾಲು ಹಿಡಿದು ಎದ್ದ. “ಇಬ್ಬರನ್ನೂ ಒಂದೇ ಕೇಬಲ್ಲಿಗೆ ಕಟ್ಟಿ ಎಳೀಬೇಕು” ಎಂದು ಗೊಣಗುತ್ತಾ ಹೋದ.

ಹನ್ನೊಂದನೆಯ ದಿನದ ಕೊನೆಗೆ ಅವಳ ನೋಟ್‌ಬುಕ್ಕಿನಲ್ಲಿ ಇನ್ನೂರಹದಿನಾಲ್ಕು ಹಾರಾಟಗಳಿದ್ದವು. ಇಲಾಖೆಯ ಕಂಪ್ಯೂಟರಿನಲ್ಲಿ ಅದೇ ದಿನಗಳಿಗೆ ಸಿಕ್ಕಿದ್ದು ನಲವತ್ತೊಂದು. ವ್ಯತ್ಯಾಸದ ಕಾರಣ ಗುಡ್ಡ ಹತ್ತಿದವರಿಗೆ ಮಾತ್ರ ತಿಳಿಯುವಂಥದ್ದು. ಹೊಸ ಗ್ಲೈಡರ್‌ಗಳಲ್ಲಿ ಹಾರಾಟದ ಜಾಡನ್ನು ಬರೆದಿಡುವ ಪುಟ್ಟ ಪೆಟ್ಟಿಗೆ ಇರುತ್ತದೆ. ಅವುಗಳ ಮಾಲೀಕರು ಸಂಜೆ ಆ ಜಾಡನ್ನು ಎಲ್ಲರಿಗೂ ಕಾಣುವಂತೆ ಹಾಕಿ ಬೆನ್ನು ತಟ್ಟಿಸಿಕೊಳ್ಳುತ್ತಾರೆ. ಇಲಾಖೆ ನೋಡುವುದು ಅದನ್ನೇ, ಅಕ್ಕನಿಗೆ ಅದು ಗೊತ್ತಿಲ್ಲ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿ ಬೆಳಗ್ಗೆ ಅಕ್ಕ ಹೊಸಬರಿಗೆ ಕಲಿಸುವುದು ಅಪ್ಪನ ಕಾಲದ ಎರಡು ಮರದ ಗ್ಲೈಡರ್‌ಗಳಲ್ಲಿ. ಅವುಗಳಲ್ಲಿ ಪೆಟ್ಟಿಗೆಯಿಲ್ಲ, ರೇಡಿಯೋ ಇಲ್ಲ, ಬ್ಯಾಟರಿಯೇ ಇಲ್ಲ. ಮೇಲೆ ಹೋಗುತ್ತವೆ, ಸುತ್ತು ಹಾಕಿ ಇಳಿಯುತ್ತವೆ, ಲೋಕದಲ್ಲಿ ಎಲ್ಲಿಯೂ ಗುರುತು ಬಿಡುವುದಿಲ್ಲ. ಸರಕು ವಿಮಾನಗಳೂ ಹೆಚ್ಚಾಗಿ ಬರಬೇಕೆಂದಿರುವುದು ವಾರದ ದಿನಗಳ ಬೆಳಗ್ಗೆಯೇ.

ಹದಿನಾರನೆಯ ತಾರೀಖು ಅವಳು ವರದಿ ಮುಗಿಸಿದಳು. ಹನ್ನೊಂದನೆಯ ಪುಟದ ಕೊನೆಯ ಸಾಲು ಹೀಗಿತ್ತು: ‘ಸದರಿ ಸ್ಥಳದಲ್ಲಿ ಏರ್‌ಸ್ಟ್ರಿಪ್‌ಗೆ ಅನುಮತಿ ನೀಡುವುದು ಜೀವಹಾನಿಗೆ ದಾರಿ ಮಾಡಿಕೊಟ್ಟಂತೆ, ಶಿಫಾರಸು ಮಾಡಲಾಗದು.’ ಬರೆದು ಮುಗಿಸಿ ಕನ್ನಡಕ ತೆಗೆದಿಟ್ಟಳು. ಗುಡ್ಡ ಉಳಿಯಿತು. ವರದಿ ಪ್ರಕಟವಾಗುವುದು ಮೂವತ್ತಕ್ಕೆ. ಇನ್ನು ಹದಿನಾಲ್ಕು ದಿನ ಈ ವಿಷಯ ಅವಳೊಬ್ಬಳದೇ.

ಹದಿನೆಂಟರ ಮಧ್ಯಾಹ್ನ ಅಕ್ಕ ಮನೆಗೇ ಬಂದಳು.

ಕಿತ್ತಳೆ ಜಾಕೆಟ್ಟಿಲ್ಲದ ಅಕ್ಕ ಚಿಕ್ಕವಳಾಗಿ ಕಂಡಳು. ಚಪ್ಪಲಿಯನ್ನು ಹೊಸಿಲಿನ ಆಚೆ ಬಿಟ್ಟು, ಸೋಫಾದ ತುದಿಯಲ್ಲಿ, ಕೆಲಸ ಕೇಳಲು ಬಂದವರ ಹಾಗೆ ಕೂತಳು. ಗೋಡೆಯ ಮೇಲೆ ಅಪ್ಪನ ಫೋಟೋ ಇರಲಿಲ್ಲ. ಅದನ್ನು ಕಣ್ಣಲ್ಲೇ ಹುಡುಕಿದಳು. ಕೊಟ್ಟ ಚಹಾ ಮುಟ್ಟಲಿಲ್ಲ.

“ಹೇಗಿದ್ದೀಯಾ?” ಎಂದಳು. ಹನ್ನೆರಡು ವರ್ಷದ ಮೇಲೆ ಬಂದ ಏಕವಚನ.

“ಇದ್ದೀನಿ. ಚಹಾ ಆರುತ್ತೆ.”

“ಸುತ್ತು ಬಳಸಿ ಮಾತಾಡೋಕೆ ನನಗೆ ಬರಲ್ಲ. ಗುಡ್ಡ ಇರುತ್ತಾ ಹೋಗುತ್ತಾ? ಒಂದೇ ಮಾತು ಹೇಳು, ಎದ್ದು ಹೋಗ್ತೀನಿ.”

“ಪ್ರಕಟ ಆಗೋ ಮುಂಚೆ ಹೇಳೋ ಹಾಗಿಲ್ಲ.”

“ನಾನು ಯಾರಿಗೂ ಹೇಳಲ್ಲ ಕಣೇ.”

“ನಿಯಮ ಇದೆ.”

ಅಕ್ಕ ತಲೆ ತಗ್ಗಿಸಿದಳು. ಬೈತಲೆಯಲ್ಲಿ ಕೂದಲು ತೆಳುವಾಗಿ ನೆತ್ತಿ ಕಾಣುತ್ತಿತ್ತು. “ಅಲ್ಲಿ ನಿನ್ನನ್ನ ಆಡಿಕೊಂಡೆ. ಬಾಗಿಲು ಹಾಕಿದೆ. ತಪ್ಪಾಯ್ತು ಅಂದ್ಕೋ. ಬೇಕಾದರೆ ಎಲ್ಲರ ಮುಂದೆ ತಪ್ಪಾಯ್ತು ಅಂತೀನಿ. ಹೊಸಬರು ಹದಿನಾಲ್ಕು ಜನ ಇದ್ದಾರೆ, ಮುಂದಿನ ತಿಂಗಳು ಒಬ್ಬರೇ ಹಾರೋರು. ಅವರಿಗೆ ಏನು ಹೇಳಲಿ ನಾನು? ಕೈ ಮುಗೀತೀನಿ.”

ಮುಗಿದೇಬಿಟ್ಟಳು. ವಿಂಚಿನ ಕೇಬಲ್ಲು ತೀಡಿ ತೀಡಿ ಜಡ್ಡುಗಟ್ಟಿದ ಎರಡು ಅಂಗೈಗಳು ಚಹಾದ ಲೋಟದ ಮೇಲೆ ಒಂದಾದವು.

ಮಾವನಿಗೆ ಕೊಟ್ಟ ಮಾತು ಅವಳಿಗೆ ನೆನಪಾಗದೆ ಇರಲಿಲ್ಲ. ‘ಇರುತ್ತೆ’ ಎಂಬ ಒಂದು ಶಬ್ದ ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಅಂದಿದ್ದರೆ ಸಾಕಿತ್ತು. ಆದರೆ ಹನ್ನೆರಡು ವರ್ಷ ಬಾಯಾರಿದ್ದವಳಿಗೆ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಲು ಮನಸ್ಸು ಬರಲಿಲ್ಲ. ಇನ್ನೂ ಹನ್ನೆರಡು ದಿನವಿದೆ. ಇರಲಿ, ಒಂದಿಷ್ಟು ಬೇಯಲಿ. ಮೂವತ್ತನೆಯ ತಾರೀಖು ಓದಿದಾಗ ತಾನಾಗಿ ತಿಳಿಯುತ್ತದೆ, ಇಂಥ ತಂಗಿಯನ್ನು ಎಂಥ ಮಾತಾಡಿದೆ ಎಂದು. ಅವತ್ತು ಅಕ್ಕ ಬರುತ್ತಾಳೆ, ಬಾಗಿಲಲ್ಲಿ ನಿಂತು ಅಳುತ್ತಾಳೆ, ತಾನು ಒಳಗೆ ಕರೆಯುತ್ತೇನೆ. ಅವಳು ಅದನ್ನೆಲ್ಲ ಆಗಲೇ ಕಣ್ಣಿಗೆ ಕಟ್ಟಿಕೊಂಡಾಗಿತ್ತು.

“ಅಪ್ಪನ ವಿಷಯದಲ್ಲಿ ಮಾಡಿದ ಹಾಗೇ ಮಾಡಿದ್ದೀಯಾ?” ಅಕ್ಕ ಮೆಲ್ಲಗೆ ಕೇಳಿದಳು.

“ಕಂಡದ್ದನ್ನ ಬರೆದಿದ್ದೀನಿ. ಆಗಲೂ ಅಷ್ಟೇ, ಈಗಲೂ ಅಷ್ಟೇ.”

ಅದು ಸತ್ಯವೇ. ಅಕ್ಕನಿಗೆ ಅದು ಹೇಗೆ ಕೇಳಿಸುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಅಕ್ಕನ ಮುಖದಿಂದ ರಕ್ತ ಇಳಿದುಹೋಗುವುದನ್ನು ಅವಳು ರೆಪ್ಪೆ ಮಿಟುಕಿಸದೆ ನೋಡಿದಳು. ಗುಡ್ಡದ ಮೇಲೆ ಒಂದೊಂದು ಹಾರಾಟವನ್ನು ನೋಡಿದಷ್ಟೇ ಗಮನವಿಟ್ಟು.

ಅಕ್ಕ ಎದ್ದಳು. ಹೊಸಿಲು ದಾಟಿ ಚಪ್ಪಲಿ ಮೆಟ್ಟುವಾಗ ಒಂದು ಸಲ ತಪ್ಪು ಕಾಲಿಗೆ ಹಾಕಿಕೊಂಡಳು. ಹಿಂದಿರುಗಿ ನೋಡಲಿಲ್ಲ.

ಇಪ್ಪತ್ತೊಂದಕ್ಕೆ ಇಲಾಖೆಯ ಮುಖ್ಯಸ್ಥ ಅವಳನ್ನು ಕೋಣೆಗೆ ಕರೆಸಿದ. ಮೇಜಿನ ಮೇಲೆ ಕೈಬರಹದ ಪತ್ರವೊಂದಿತ್ತು. ದುಂಡನೆಯ, ಎಡಕ್ಕೆ ವಾಲಿದ ಅಕ್ಷರ ದೂರದಿಂದಲೇ ಗುರುತು ಸಿಕ್ಕಿತು.

“ಓದಿ” ಎಂದ.

‘ಸದರಿ ಅಧಿಕಾರಿ ನನ್ನ ಒಡಹುಟ್ಟಿದ ತಂಗಿ. ಒಂದೇ ತಾಯಿಯ ಮಕ್ಕಳು. ನನ್ನ ಮೇಲಿನ ಹಗೆಯಿಂದ ಈ ಕೆಲಸ ವಹಿಸಿಕೊಂಡಿದ್ದಾಳೆ. ಆಕೆಯ ವರದಿಯನ್ನು ರದ್ದುಪಡಿಸಿ ಬೇರೆಯವರಿಂದ ಮಾಡಿಸಬೇಕು.’ ಕೆಳಗೆ ಜನನ ಪತ್ರಗಳ ನಕಲು, ಇಬ್ಬರದೂ. ತನ್ನ ಜನನ ಪತ್ರವನ್ನು ಅಕ್ಕ ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳೆ? ‘ಒಡಹುಟ್ಟಿದ’ ಎಂಬ ಶಬ್ದದ ಮೇಲೆ ಅವಳ ಕಣ್ಣು ಮತ್ತೆ ಮತ್ತೆ ಹೋಯಿತು. ಹನ್ನೆರಡು ವರ್ಷದಲ್ಲಿ ಅಕ್ಕ ಅವಳನ್ನು ತಂಗಿ ಎಂದದ್ದು ಇದೇ ಮೊದಲು, ಅದೂ ದೂರಿನಲ್ಲಿ.

“ನಿಜಾನಾ?”

“ನಿಜ ಸರ್. ಆದರೆ ವರದಿ ಓದಿ. ನಾನು ಅವಳ ವಿರುದ್ಧ ಬರೆದಿಲ್ಲ.”

“ಓದಿದೆ. ಅದೇ ತಮಾಷೆ ನೋಡಿ.” ಮುಖ್ಯಸ್ಥ ಕುರ್ಚಿಗೆ ಒರಗಿದ. ಕಂಪನಿಯವರು ವಾರಕ್ಕೆರಡು ಸಲ ಅವನಿಗೆ ಫೋನು ಮಾಡುತ್ತಿದ್ದರೆಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. “ವಿರುದ್ಧ ಬರೆದಿದ್ದರೆ ಹಗೆ, ಪರವಾಗಿ ಬರೆದಿದ್ದರೆ ಪಕ್ಷಪಾತ. ಹೇಗೆ ಬರೆದಿದ್ದರೂ ಕಸದ ಬುಟ್ಟಿಗೇ. ಕಂಪನಿಯವರು ನಿಮ್ಮಕ್ಕನಿಗೆ ಒಂದು ಹೂಗುಚ್ಛ ಕಳಿಸಬೇಕು. ಅವರ ತೋಟದ್ದೇ.”

“ಅವಳಿಗೆ ಒಂದು ಮಾತು ತಿಳಿಸಿದರೆ ದೂರು ವಾಪಸು ತಗೋತಾಳೆ.”

“ರದ್ದಾದ ವರದಿಯ ಒಂದಕ್ಷರ ಹೊರಗೆ ಹೋದರೂ ನಿಮ್ಮ ಕೆಲಸ ಹೋಗುತ್ತೆ. ಈಗ ಬರೀ ಎಚ್ಚರಿಕೆ ಪತ್ರ. ನಿಮ್ಮ ಸರ್ವಿಸ್ ನೋಡಿ ಬಿಟ್ಟಿದ್ದೀನಿ. ಇನ್ನೊಂದು ಸಲ ನೋಡಲ್ಲ.”

ಕೆಲಸ ನಕಾಶೆಯ ಮೇಜಿಗೆ ಹೋಯಿತು. ಅವಳು ಮೂರು ದಿನ ತಡೆದುಕೊಂಡು ನಾಲ್ಕನೆಯ ದಿನ ಅವನ ಮುಂದೆ ಹೋಗಿ ನಿಂತಳು. “ವಾರದ ದಿನ ಬೆಳಗ್ಗೆ ಮರದ ಗ್ಲೈಡರ್‌ಗಳು ಹಾರುತ್ತವೆ. ನಿಮ್ಮ ಪರದೆ ಮೇಲೆ ಬರಲ್ಲ. ಒಂದು ದಿನ ಹೋಗಿ ನೋಡಿ ಬನ್ನಿ.”

ನಕಾಶೆ ಕೆಟ್ಟವನಲ್ಲ. ಪಾಪದವನ ಹಾಗೆ ಕೈ ಚೆಲ್ಲಿದ. “ಹೋಗೋಣ ಅಂತಲೇ ಫೋನ್ ಮಾಡಿದ್ದೆ ಮೇಡಂ. ನಿಮ್ಮಕ್ಕನೇ ಬೇಡ ಅಂದುಬಿಟ್ಟರು. ಇನ್ನು ಇಲಾಖೆಯವರು ಯಾರೂ ಗುಡ್ಡ ಹತ್ತಬೇಡಿ, ಒಬ್ಬಳು ಬಂದಿದ್ದು ಸಾಕು, ಎಲ್ಲಾ ದಾಖಲೆ ಕಂಪ್ಯೂಟರಲ್ಲೇ ಇದೆಯಲ್ಲ, ಅದನ್ನೇ ನೋಡಿ ನ್ಯಾಯವಾಗಿ ಬರೀರಿ ಅಂದರು.”

“ನನ್ನ ಎಣಿಕೆ ಇದೆಯಲ್ಲ.”

“ನಿಮ್ಮದು ರದ್ದಾಗಿದೆ. ಅದನ್ನ ಮುಟ್ಟಿದರೆ ನನ್ನದೂ ರದ್ದಾಗುತ್ತೆ.”

ನಕಾಶೆಯ ವರದಿ ನಾಲ್ಕೇ ಪುಟ. ‘ವಾರದ ದಿನಗಳ ಬೆಳಗಿನ ಹಾರಾಟ ನಗಣ್ಯ’ ಎಂದಿತ್ತು. ಏರ್‌ಸ್ಟ್ರಿಪ್‌ಗೆ ಅನುಮತಿ. ದಿನವೂ ಸಂಜೆ ನಾಲ್ಕರವರೆಗೆ ಗುಡ್ಡದಿಂದ ನೂರೈವತ್ತು ಮೀಟರಿಗಿಂತ ಮೇಲೆ ಗ್ಲೈಡರ್‌ಗಳು ಏರುವಂತಿಲ್ಲ. ನೂರೈವತ್ತು ಮೀಟರಿಗೆ ಕಟ್ಟಿಹಾಕಿದ ಗ್ಲೈಡರ್ ಹಾರುವುದಿಲ್ಲ, ನೆಗೆಯುತ್ತದೆ. ನಾಲ್ಕರ ಮೇಲೆ ಏರುಗಾಳಿ ಇರುವುದಿಲ್ಲ. ಹೊಸ ಗ್ಲೈಡರ್‌ಗಳ ಮಾಲೀಕರು ಒಂದೇ ವಾರದಲ್ಲಿ ಟ್ರೇಲರುಗಳಿಗೆ ಅವನ್ನು ತುಂಬಿಕೊಂಡು ಬೇರೆ ಕ್ಲಬ್ಬು ಹುಡುಕಿಕೊಂಡರು.

ಆದೇಶ ಜಾರಿಯಾಗುವ ಮುಂಚಿನ ಭಾನುವಾರ ಅವಳು ತನ್ನ ಹನ್ನೊಂದು ಪುಟಗಳನ್ನು ಕವರಿನಲ್ಲಿ ಹಾಕಿಕೊಂಡು ಗುಡ್ಡಕ್ಕೆ ಹೋದಳು. ಹೋಗುವುದು ಯಾಕೆಂದು ಗಂಡ ಕೇಳಿದಾಗ, “ಸತ್ಯ ಅವಳಿಗೂ ಗೊತ್ತಾಗಲಿ” ಎಂದಿದ್ದಳು. “ಈಗ ಗೊತ್ತಾದರೆ ಅವಳಿಗೇನು ಉಪಯೋಗ?” ಎಂದ ಆ ಮನುಷ್ಯ. ಉಪಯೋಗಕ್ಕೆಂದು ಅವಳು ಹೊರಟಿರಲಿಲ್ಲ.

ಮೈದಾನದಲ್ಲಿ ಒಂದೇ ಗ್ಲೈಡರ್ ಇತ್ತು. ಕಲಿಯುವವರು ಮೂವರೋ ನಾಲ್ವರೋ. ಅಕ್ಕ ಕವರು ಇಸಿದುಕೊಂಡು ಶೆಡ್ಡಿನ ಬಾಗಿಲಲ್ಲಿ ಹಲಗೆಯ ಮೇಲೆ ಕೂತು ಮೊದಲಿಂದ ಓದಿದಳು, ಒಂದು ಪುಟವನ್ನೂ ಹಾರಿಸಲಿಲ್ಲ. ಹನ್ನೊಂದನೆಯ ಪುಟಕ್ಕೆ ಬಂದಾಗ ಬೆರಳು ನಿಂತಿತು. ಅದೇ ಸಾಲನ್ನು ಇನ್ನೊಮ್ಮೆ ಓದಿದಂತೆ ತುಟಿ ಅಲ್ಲಾಡಿತು.

“ಇದನ್ನ ಯಾವತ್ತು ಬರೆದು ಮುಗಿಸಿದೆ?”

“ಹದಿನಾರಕ್ಕೆ.”

“ನಾನು ನಿನ್ನ ಮನೆಗೆ ಬಂದಿದ್ದು ಹದಿನೆಂಟಕ್ಕೆ.”

“ಹೌದು.”

“ಆಗ ಇದು ಎಲ್ಲಿತ್ತು?”

“ಒಳಗಿನ ಕೋಣೇಲಿ. ಮೇಜಿನ ಮೇಲೆ.”

“ನಾನು ಕೈ ಮುಗಿದಾಗ.”

“ಹೌದು.”

ಅಕ್ಕ ಅವಳನ್ನು ನೋಡುತ್ತಾ ಕೂತಳು. ಅಳುತ್ತಾಳೆ, ಕುಸಿಯುತ್ತಾಳೆ, ಅಥವಾ ಎದ್ದು ಕೆನ್ನೆಗೆ ಬಾರಿಸುತ್ತಾಳೆ ಎಂದು ಅವಳು ಕಾದಳು. ಅದರಲ್ಲಿ ಯಾವುದಾದರೂ ಒಂದು ಆಗಿದ್ದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತೋ ಏನೋ. ಅಕ್ಕ ಪುಟಗಳ ಅಂಚನ್ನು ತೊಡೆಯ ಮೇಲೆ ತಟ್ಟಿ ಸಮ ಮಾಡಿದಳು, ಅಷ್ಟೇ.

“ಇಷ್ಟು ಚೆನ್ನಾಗಿ ಎಣಿಸಿದ್ದೀಯಲ್ಲೇ” ಎಂದಳು. “ಒಂದು ಹಾರಾಟವನ್ನೂ ಬಿಟ್ಟಿಲ್ಲ. ಅಪ್ಪ ಇದ್ದಿದ್ದರೆ ತೋರಿಸ್ತಿದ್ದೆ.”

ಆ ಮಾತಿಗೆ ಮಾತ್ರ ಅವಳು ಸಿದ್ಧವಾಗಿ ಬಂದಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಕೇಳಿದಳು, “ಇದು ಹೊರಗೆ ಬಂದರೆ ನಿನ್ನ ಕೆಲಸ ಹೋಗುತ್ತೆ ಅಂತಾರಲ್ಲ, ಹೌದಾ?”

“ಹೌದು.”

“ಗುಡ್ಡ ಉಳಿಯುತ್ತಾ?”

ಸುಳ್ಳು ಹೇಳಬಹುದಿತ್ತು. ಇಲ್ಲವೇ ಕಾಗದ ಕಸಿದುಕೊಂಡು ಗುಡ್ಡ ಇಳಿಯಬಹುದಿತ್ತು. “ಉಳಿಯಲ್ಲ” ಎಂದಳು. “ರದ್ದಾದ ವರದಿಗೆ ಕಾನೂನಲ್ಲಿ ಬೆಲೆ ಇಲ್ಲ. ನನ್ನ ಕೆಲಸ ಹೋಗುತ್ತೆ, ಅಷ್ಟೇ.”

ಅಕ್ಕ ಹನ್ನೊಂದು ಪುಟಗಳನ್ನೂ ನಾಲ್ಕು ಮಡಿಕೆ ಮಾಡಿ, ಜಾಕೆಟ್ಟಿನ ಒಳಜೇಬಿಗೆ ತುರುಕಿ, ಕತ್ತಿನವರೆಗೆ ಜಿಪ್ಪು ಎಳೆದಳು.

“ಇರಲಿ” ಎಂದಳು. “ನನ್ನದೊಂದೇ ಯಾಕೆ ಹೋಗಬೇಕು.”

ಅತ್ತ ಗ್ಲೈಡರ್‌ನಲ್ಲಿ ಯಾರೋ ಕೂತು ಪಟ್ಟಿ ಬಿಗಿದುಕೊಂಡು ಇವರ ಕಡೆಯೇ ನೋಡುತ್ತಿದ್ದರು. ಅಕ್ಕ ಹಲಗೆಯಿಂದ ಎದ್ದು, ಹಿಂಬದಿಯ ಧೂಳು ಕೊಡವಿಕೊಂಡು ನಡೆಯತೊಡಗಿದಳು.

“ಅದನ್ನ ಇಲಾಖೆಗೆ ಯಾವಾಗ ಕಳಿಸ್ತೀಯಾ?” ಅವಳು ಹಿಂದಿನಿಂದ ಕೂಗಿ ಕೇಳಿದಳು. ದನಿ ತನ್ನದಲ್ಲದ ಹಾಗೆ ತೆಳ್ಳಗಿತ್ತು.

ಅಕ್ಕ ನಿಲ್ಲಲಿಲ್ಲ. “ಇವತ್ತು ಪೋಸ್ಟಾಫೀಸು ರಜಾ” ಎಂದಳು. “ನಾಳೆ ಬೆಳಗ್ಗೆ.”